ಎಂಸಿ ಬರೆಯದ ಡಾಕ್ಟರು

ನನ್ನ ಕೆಲಸದ ಅರ್ಧ ಭಾಗ ಫಾರಂ ತುಂಬಿಸುವುದು, ಉಳಿದರ್ಧ ಅಪ್ಪಂದಿರ ಜೊತೆ ವಾದ ಮಾಡುವುದು. ಸಿಂಗಪುರದ ಟ್ಯಾಂಪಿನೀಸಿನ ಟ್ಯೂಷನ್ ಸೆಂಟರೊಂದರ ಹಿಂದಿನ ಕೋಣೆಯಲ್ಲಿ ಕೂತು, ಹೊರದೇಶದ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳಿಗೆ ದಾರಿ ಹೇಳುತ್ತೇನೆ. ಮಕ್ಕಳು ಹೇಳಿದ ಮಾತು ಕೇಳುತ್ತಾರೆ. ಅಪ್ಪಂದಿರು ಕೇಳುವುದಿಲ್ಲ. ಅವರೆಲ್ಲ ಒಂದಲ್ಲ ಒಂದು ಯಂತ್ರವನ್ನೋ ಪ್ರಾಜೆಕ್ಟನ್ನೋ ನಡೆಸುವವರು, ಹಾಗಾಗಿ ಮೆಡಿಕಲ್ ಸೀಟೂ ತಮ್ಮ ಮಾತಿಗೆ ಬಗ್ಗುತ್ತದೆಂದು ನಂಬಿರುತ್ತಾರೆ. ಅಂಥ ಒಬ್ಬ ಅಪ್ಪನ ಜೊತೆ ನಾನು ವಾದ ಮಾಡಿ ಗೆದ್ದೆ. ಗೆದ್ದ ಮೇಲೆ ಸೋತವಳಂತೆ ನಟಿಸಬೇಕಾಯಿತು. ಇದು ಆ ಎರಡು ವರ್ಷದ ವಿಷಯ.

ಹುಡುಗಿಗೆ ಆಗ ಇಪ್ಪತ್ತನಾಲ್ಕು. ಅಮೆರಿಕದಲ್ಲಿ ಬಯಾಲಜಿ ಪದವಿ ಮುಗಿಸಿ, ವೀಸಾ ಮುಗಿದು, ಸಿಂಗಪುರದ ಅಪ್ಪ ಅಮ್ಮನ ಮನೆಗೆ ಬಂದಿದ್ದಳು. ಹೌಗಾಂಗಿನ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆದುಕೊಂಡು ಔಷಧಿ ಎಣಿಸಿಕೊಡುವ ಕೆಲಸ ಮಾಡುತ್ತಿದ್ದಳು. ಡಾಕ್ಟರಾಗುವುದು ಬಿಟ್ಟರೆ ಅವಳ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಹಿಂದಿನ ವರ್ಷ ಅಮೆರಿಕದ ಹದಿನಾಲ್ಕು ಕಾಲೇಜುಗಳಿಗೆ ತಾನೇ ಅರ್ಜಿ ಹಾಕಿದ್ದಳು, ಹದಿನಾಲ್ಕೂ ಬೇಡವೆಂದಿದ್ದವು. ಫೈಲು ನೋಡಿದಾಗ ಕಾರಣ ಗೊತ್ತಾಯಿತು. ಅವುಗಳಲ್ಲಿ ಎಷ್ಟೋ ಕಾಲೇಜುಗಳು ಹೊರದೇಶದವರ ಅರ್ಜಿಯನ್ನು ತೆರೆದೂ ನೋಡುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

"ಈ ಸಲ ಆಸ್ಟಿಯೋಪಥಿಕ್ ಕಾಲೇಜುಗಳಿಗೂ ಹಾಕೋಣ," ಎಂದೆ.

ಪಕ್ಕದಲ್ಲಿ ಕೂತಿದ್ದ ಅಪ್ಪ ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಕಾಕಿ ಬುಕಿತ್‌ನ ಒಂದು ಗೋದಾಮಿನಲ್ಲಿ ಕೋಲ್ಡ್ ಸ್ಟೋರೇಜಿನ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು ಅವರು. ಇಪ್ಪತ್ತು ವರ್ಷ ತಣ್ಣಗಿನ ಕೋಣೆಯಲ್ಲಿ ಬಗ್ಗಿ ಕೆಲಸ ಮಾಡಿ ಸೊಂಟ ಹಿಡಿದುಕೊಂಡಿತ್ತು.

"ಮೇಡಂ, ನಾನು ಪ್ರತೀ ಸ್ಯಾಟರ್ಡೇ ಆಸ್ಟಿಯೋಪಾತ್ ಹತ್ರ ಹೋಗ್ತೀನಿ. ಒಳ್ಳೇ ಮನುಷ್ಯ, ಬೆನ್ನು ಲಟಕ್ ಅನ್ನಿಸ್ತಾನೆ, ಆರಾಮಾಗುತ್ತೆ. ಆದ್ರೆ ಅವನು ನನಗೆ ಒಂದು ಎಂಸಿ ಬರ್ದ್‌ಕೊಡೋಕಾಗಲ್ಲ. ಎಂಸಿ ಬರೆಯೋಕಾಗದವನು ಎಂಥಾ ಡಾಕ್ಟರ್ರು ಮೇಡಂ? ಮೂಳೆ ಕಟ್ಟೋಕೆ ಅಮೆರಿಕಾಗೆ ಯಾಕೆ ಹೋಗ್ಬೇಕು, ಪುತ್ತೂರಿಗೆ ಕಳಿಸಿದ್ರೆ ಆಗಲ್ವಾ?"

ಇಲ್ಲಿ ಕೆಲಸಕ್ಕೆ ರಜೆ ಹಾಕಬೇಕೆಂದರೆ ಡಾಕ್ಟರ ಸರ್ಟಿಫಿಕೇಟು ಬೇಕು, ಅದೇ ಎಂಸಿ. ಅದನ್ನು ಬರೆಯುವ ಅಧಿಕಾರವಿದ್ದವನೇ ಡಾಕ್ಟರು ಎಂಬುದು ಈ ಊರಿನಲ್ಲಿ ದುಡಿದವನ ಸರಳ ಸೂತ್ರ. ಅವರು ಹೇಳಿದ್ದರಲ್ಲಿ ಇಲ್ಲಿಯ ಮಟ್ಟಿಗೆ ತಪ್ಪೇನೂ ಇರಲಿಲ್ಲ. ಇಲ್ಲಿ ಆ ಹೆಸರಿನ ಬೋರ್ಡು ಹಾಕಿಕೊಂಡವರು ಕೈಯಿಂದ ಮೈ ನೋವು ಸರಿಮಾಡುವವರು, ಮೆಡಿಕಲ್ ಡಾಕ್ಟರುಗಳಲ್ಲ. ಅಮೆರಿಕದಲ್ಲಿ ಮಾತ್ರ ಆ ಹೆಸರಿನ ಕಾಲೇಜಿನಿಂದ ಹೊರಬಂದವರು ಪೂರ್ತಿ ಡಾಕ್ಟರು. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ಉಳಿದ ಡಾಕ್ಟರುಗಳ ಜೊತೆ ಅದೇ ಆಸ್ಪತ್ರೆಗಳಲ್ಲಿ ತರಬೇತಿ ಪಡೆಯುತ್ತಾರೆ. ಮೂಳೆ ಸ್ನಾಯುಗಳನ್ನು ಕೈಯಿಂದ ಪರೀಕ್ಷಿಸಿ ಸರಿಪಡಿಸುವ ವಿದ್ಯೆ ಅವರಿಗೆ ಹೆಚ್ಚಿನ ಪಾಠ, ಅಷ್ಟೇ.

ಇದನ್ನೆಲ್ಲ ಹೇಳಿ, ಕಹಿಯಾದದ್ದನ್ನೂ ಹೇಳಿದೆ. ಸಿಂಗಪುರದಲ್ಲಿ ಡಾಕ್ಟರಾಗಿ ನೋಂದಾಯಿಸಿಕೊಳ್ಳಲು ಯಾವ ಪದವಿಗಳು ನಡೆಯುತ್ತವೆ ಎಂಬುದಕ್ಕೆ ಒಂದು ಪಟ್ಟಿಯಿದೆ. ಆ ಪಟ್ಟಿಯನ್ನು ಮುಂದಿಟ್ಟು, ಇದರಲ್ಲಿ ಈ ಪದವಿ ಇಲ್ಲ, ಓದಿದರೆ ಅವಳು ಅಮೆರಿಕದಲ್ಲೇ ಡಾಕ್ಟರಾಗಿರಬೇಕು, ಇಲ್ಲಿಗೆ ಬಂದು ಕೆಲಸ ಮಾಡಲಾಗುವುದಿಲ್ಲ ಎಂದೆ. ನಾನು ಯಾವ ಮನೆಯವರಿಗೂ ಸುಳ್ಳು ಭರವಸೆ ಕೊಟ್ಟವಳಲ್ಲ. ಆ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಅಪ್ಪ ತಲೆಯಾಡಿಸಿ ಎದ್ದುಹೋದರು. ಮುಂದಿನ ವಾರ ಅಮ್ಮ ಬಂದರು. ನಮ್ಮ ಸುತ್ತಮುತ್ತಲಿನ ಕನ್ನಡದ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವವರು ಅವರೇ. ಮೈಸೂರಿನಲ್ಲಿ ಕಲಿತ ಹೊಲಿಗೆ, ತೋಳಿನ ಅಳತೆ ಒಂದು ನೂಲೂ ಆಚೀಚೆ ಆಗುತ್ತಿರಲಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಮಾತು ಹರಿತ. ನನ್ನ ರವಿಕೆ ಕೊಡುವ ನೆಪದಲ್ಲಿ ಬಂದು ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿಕೊಂಡರು.

"ಎಲ್ಲಿ ಡಾಕ್ಟರಾದ್ರೆ ಏನು ಮೇಡಂ? ಜ್ವರ ಎಲ್ಲಾ ಕಡೆ ಒಂದೇ ತಾನೆ? ಇವರ ಮಾತು ಬಿಡಿ. ಇವರಿಗೆ ಕಂಪ್ರೆಸರ್ ಬಿಟ್ರೆ ಪ್ರಪಂಚ ಗೊತ್ತಿಲ್ಲ. ನೀವು ಹಾಕ್ಸಿ."

ನಾನು ಅಪ್ಪನನ್ನು ಅವರ ದಾರಿಯಲ್ಲೇ ಒಲಿಸಿಕೊಳ್ಳಲು ನೋಡಿದೆ. ಒಂದು ಸಾಮಾನ್ಯ ಮೆಡಿಕಲ್ ಕಾಲೇಜಿನ ನಾಲ್ಕು ವರ್ಷದ ಪಠ್ಯಕ್ರಮ, ಒಂದು ಆಸ್ಟಿಯೋಪಥಿಕ್ ಕಾಲೇಜಿನದು, ಎರಡನ್ನೂ ಅಚ್ಚು ಹಾಕಿ, ಹೆಸರುಗಳ ಮೇಲೆ ಪಟ್ಟಿ ಅಂಟಿಸಿ ಕೈಗೆ ಕೊಟ್ಟೆ. ಯಾವುದು ಯಾವುದು ಎಂದು ಕಂಡುಹಿಡಿಯಿರಿ ಎಂದೆ. ಅವರು ಕನ್ನಡಕ ಹಾಕಿಕೊಂಡು ಯಂತ್ರದ ಮ್ಯಾನ್ಯುಯಲ್ ಓದುವಂತೆ ಸಾಲುಸಾಲು ಹೋಲಿಸಿ ನೋಡಿದರು. ಅಂಗರಚನೆ ಇದರಲ್ಲೂ ಇದೆ, ಅದರಲ್ಲೂ ಇದೆ. ಹೃದಯ, ಶ್ವಾಸಕೋಶ, ಹೆರಿಗೆ, ಮಾನಸಿಕ ರೋಗ, ಎಲ್ಲವೂ ಎರಡರಲ್ಲೂ. ಇಪ್ಪತ್ತು ನಿಮಿಷದ ಮೇಲೆ, ಕೈಯಿಂದ ಮಾಡುವ ಚಿಕಿತ್ಸೆಯ ಸಾಲೊಂದು ಸಿಕ್ಕಿ ಬೆರಳಿಟ್ಟರು.

"ಎರಡೂ ಒಂದೇ ಕಂಪ್ರೆಸರ್ರು ಮೇಡಂ. ಇದಕ್ಕೆ ಒಂದು ಎಕ್ಸ್‌ಟ್ರಾ ಗೇಜ್ ಹಾಕಿದಾರೆ ಅಷ್ಟೆ," ಎಂದು ನಕ್ಕರು. ಹುಡುಗಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಅಲ್ಲಿಂದ ಮುಂದೆ ಕೆಲಸ ಚುರುಕಾಯಿತು. ಎಲ್ಲ ಆಸ್ಟಿಯೋಪಥಿಕ್ ಕಾಲೇಜುಗಳಿಗೂ ಸೇರಿ ಒಂದು ಸಾಮಾನ್ಯ ಅರ್ಜಿ, ಅದಾದ ಮೇಲೆ ಒಂದೊಂದು ಕಾಲೇಜಿನದೂ ಬೇರೆ ಬೇರೆ ಪ್ರಶ್ನೆಗಳು. ನಮ್ಮ ಕಾಲೇಜಿಗೇ ಯಾಕೆ, ಈ ಪದ್ಧತಿಯೇ ಯಾಕೆ. ಹುಡುಗಿ ಮೊದಲ ಸಲ ಬರೆದದ್ದನ್ನು ಓದಿದರೆ ಕಾಲೇಜಿನ ಜಾಹೀರಾತು ಓದಿದಂತಿತ್ತು. ಹರಿದುಹಾಕಿಸಿದೆ. ಐದನೆಯ ಸಲ ಅವಳು ಅಪ್ಪನ ಸೊಂಟದ ಬಗ್ಗೆ ಬರೆದಳು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪನ ಬೆನ್ನಿಗೆ ಅಮ್ಮ ಎಣ್ಣೆ ತಿಕ್ಕುವಾಗ, ನೋವು ಎಲ್ಲಿದೆಯೆಂದು ಕೇಳದೆ ಬೆರಳಿನಲ್ಲೇ ಹುಡುಕುತ್ತಿದ್ದುದನ್ನು ಬರೆದಳು. ಅದಕ್ಕೆ ನಾನು ಒಂದು ಕಾಮಾ ಕೂಡ ಮುಟ್ಟಲಿಲ್ಲ.

ತೊಡಕು ಬಂದದ್ದು ಶಿಫಾರಸು ಪತ್ರದಲ್ಲಿ. ನಾವು ಆರಿಸಿಕೊಂಡ ಕಾಲೇಜುಗಳಲ್ಲಿ ಹೆಚ್ಚಿನವು ಆಸ್ಟಿಯೋಪಥಿಕ್ ಡಾಕ್ಟರೊಬ್ಬರ ಪತ್ರ ಕೇಳುತ್ತಿದ್ದವು. ಸಿಂಗಪುರದಲ್ಲಿ ಅಂಥವರನ್ನು ಎಲ್ಲಿಂದ ತರುವುದು? ಹುಡುಗಿ ಅಮೆರಿಕದಲ್ಲಿ ಓದುವಾಗ ಒಬ್ಬ ಮಹಿಳಾ ಡಾಕ್ಟರ ಹಿಂದೆ ಎರಡು ಬೇಸಿಗೆ ಓಡಾಡಿ ಕೆಲಸ ನೋಡಿದ್ದಳು. ಆಕೆ ಆ ಆಸ್ಪತ್ರೆ ಬಿಟ್ಟು ಬೇರೆ ರಾಜ್ಯಕ್ಕೆ ಹೋಗಿದ್ದರು, ಹಳೆಯ ಇಮೇಲ್ ವಿಳಾಸ ಸತ್ತಿತ್ತು. ಆರು ವಾರ ಹುಡುಕಿದೆವು. ಅರ್ಜಿ ಪೂರ್ತಿಯಾಗದೆ ಕೂತಿತ್ತು, ದಿನ ಕಳೆದಂತೆ ಸೀಟುಗಳು ತುಂಬುತ್ತಿದ್ದವು. ಅಮ್ಮ ನನಗೆ ದಿನಾ ಸಂಜೆ ಒಂದೇ ಮೆಸೇಜು ಕಳಿಸುತ್ತಿದ್ದರು: "ಕಾಗದ ಬಂತಾ?" ಕೊನೆಗೆ ಆ ಡಾಕ್ಟರ ಹಳೆಯ ಸ್ವಾಗತಕಾರಿಣಿಯೊಬ್ಬಳು ಸಿಕ್ಕಿ, ಅವಳ ಮೂಲಕ ಪತ್ರ ಬಂತು. ಬಂದ ದಿನ ಅಮ್ಮ ನನಗೆ ಒಂದು ಡಬ್ಬಿ ಮೈಸೂರುಪಾಕು ಕಳಿಸಿದರು. ಕಲ್ಲಿನಂತಿತ್ತು, ತಿಂದೆ.

ವಿಡಿಯೋ ಸಂದರ್ಶನದ ದಿನ ಅಲ್ಲಿ ಸಂಜೆ, ಇಲ್ಲಿ ಬೆಳಗ್ಗೆ. ಮೇಲಿನ ಮನೆಯಲ್ಲಿ ರಿನೊವೇಶನ್ ನಡೆಯುತ್ತಿತ್ತು, ಒಂಬತ್ತಾದರೆ ಡ್ರಿಲ್ಲಿಂಗ್ ಶುರು. ಸಂದರ್ಶನ ತಡವಾಗಿ ಒಂಬತ್ತು ದಾಟುವ ಲಕ್ಷಣ ಕಂಡಾಗ ಅಪ್ಪ ಬನಿಯನ್ನಿನಲ್ಲೇ ಮೆಟ್ಟಿಲು ಹತ್ತಿ ಹೋಗಿ, ಕೆಲಸದವನಿಗೆ ತನ್ನ ಮಗಳು ಡಾಕ್ಟರ್ ಆಗುತ್ತಿದ್ದಾಳೆಂದೂ ಡ್ರಿಲ್ ಹಿಡಿಯಬಾರದೆಂದೂ ಕೈಮುಗಿದು ಕೇಳಿಕೊಂಡರಂತೆ. ಅವನು ಒಪ್ಪಿ, "ಕ್ಯಾನ್, ಕ್ಯಾನ್, ಒನ್ ಅವರ್ ಓನ್ಲಿ ಆಹ್," ಅಂದನಂತೆ. ಆ ಒಂದು ಗಂಟೆ ಇವರು ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕಾವಲು ಕೂತಿದ್ದರು.

ಫೆಬ್ರವರಿಯಲ್ಲಿ ಸೀಟು ಸಿಕ್ಕಿತು. ಆಸ್ಟಿಯೋಪಥಿಕ್ ಕಾಲೇಜು, ಸಣ್ಣ ಊರು, ಜುಲೈಯಲ್ಲಿ ತರಗತಿ ಶುರು. ಇದರ ಜೊತೆಗೆ ಹಾಕಿದ್ದ ಸಾಮಾನ್ಯ ಕಾಲೇಜುಗಳಲ್ಲಿ ಒಂದು ಮಾತ್ರ ಅವಳನ್ನು ಕಾಯುವ ಪಟ್ಟಿಯಲ್ಲಿಟ್ಟಿತ್ತು. ಆ ಕಾಲೇಜಿನ ಹೆಸರು ಸಿಂಗಪುರದ ಪಟ್ಟಿಯಲ್ಲಿ ಇತ್ತು, ಅಲ್ಲಿ ಓದಿದರೆ ವಾಪಸು ಬರಬಹುದಿತ್ತು. ಅದು ಸಿಕ್ಕರೆ ನೋಡೋಣ, ಇಲ್ಲದಿದ್ದರೆ ಕೈಯಲ್ಲಿದ್ದದ್ದಕ್ಕೆ ಹೋಗುವುದು ಎಂದು ನಾಲ್ವರೂ ಕೂತು ತೀರ್ಮಾನಿಸಿದೆವು. ಯುಗಾದಿ ಊಟದಲ್ಲಿ ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಅಮೆರಿಕದ ಎರಡು ಥರದ ಡಾಕ್ಟರುಗಳ ಬಗ್ಗೆ ಪಾಠ ಮಾಡಿದರು. ಯಾರೋ ಬ್ಯಾಂಕಿನವರು "ಮಸಾಜ್ ಕೋರ್ಸಾ?" ಅಂದುಬಿಟ್ಟರು. ಇವರು ಹೋಳಿಗೆಯ ತಟ್ಟೆ ಕೆಳಗಿಟ್ಟು ಅವರಿಗೆ ಅರ್ಧ ಗಂಟೆ ಗೇಜಿನ ಕಥೆ ಹೇಳಿದರು. ಅಮ್ಮ ದೂರದಿಂದ ಗಂಡನನ್ನು ನೋಡುತ್ತಾ ನನಗೆ, "ನೋಡಿ ಮೇಡಂ, ಹೋದ ವರ್ಷ ಪುತ್ತೂರು ಅಂದೋರು ಇವರೇನಾ?" ಎಂದರು. ಅಂದು ಆಕೆ ಗಂಡನ ಮೇಲೆ ಇಟ್ಟಿದ್ದ ಪ್ರೀತಿ ಕಣ್ಣಿಗೆ ಕಾಣುವಂತಿತ್ತು.

ಏಪ್ರಿಲ್ ಕೊನೆಯಲ್ಲಿ ಅಮ್ಮನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳು ಹುಡುಗಿಯೇ. ಕ್ಲಿನಿಕ್ಕಿನ ಕೆಲಸ ಅವಳಿಗೆ ಅಷ್ಟು ಕಲಿಸಿತ್ತು. ಮೈ ತುರಿಕೆ, ಊಟ ಸೇರದು, ರವಿಕೆ ಸಡಿಲ. ಸ್ಕ್ಯಾನು ಆಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಪಿತ್ತಜನಕಾಂಗಕ್ಕೂ ಹರಡಿತ್ತು.

ಅಪ್ಪ ಮಗಳು ಹೇಳದೆ ಕೇಳದೆ ನನ್ನ ಕೋಣೆಗೆ ಬಂದರು. ಒಬ್ಬ ವಿದ್ಯಾರ್ಥಿ ಒಳಗಿದ್ದ, ಅವನನ್ನು ಕಳಿಸಿ ಬಾಗಿಲು ಹಾಕಿದೆ. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಎಂದು ಡಾಕ್ಟರು ಹೇಳಿದ್ದರು. ಹುಡುಗಿ ವರದಿಯನ್ನು ಮೇಜಿನ ಮೇಲಿಟ್ಟು ಅದರ ಅಂಚನ್ನು ಉಗುರಿನಿಂದ ಸವರುತ್ತಾ ಕೂತಳು.

"ನನ್ನ ಹೆಂಡ್ತಿಗೆ ಹೇಳಿಲ್ಲ," ಎಂದರು ಅಪ್ಪ. "ಹೇಳೋದೂ ಇಲ್ಲ. ಅವಳ ಅಮ್ಮನಿಗೂ ಕ್ಯಾನ್ಸರೇ ಆಗಿದ್ದು ಮೇಡಂ. ಗೊತ್ತಾದ ದಿನದಿಂದ ಅವರು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿಬಿಟ್ರಂತೆ. ಅವಳು ಅದನ್ನ ಕಣ್ಣಾರೆ ನೋಡಿದಾಳೆ. ಪಿತ್ತನಾಳದಲ್ಲಿ ಬ್ಲಾಕ್, ಪೈಪ್ ಹಾಕಿದ್ರೆ ಸರಿಹೋಗುತ್ತೆ ಅಂತ ಹೇಳಿದೀವಿ."

ಇಲ್ಲಿನ ಡಾಕ್ಟರು ಮೊದಲು ಒಪ್ಪಿರಲಿಲ್ಲ. ಕೊನೆಗೆ, ನಾನಾಗಿ ಹೇಳುವುದಿಲ್ಲ, ರೋಗಿ ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದಿದ್ದರು. ಅಮ್ಮನಿಗೆ ಡಾಕ್ಟರ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತಿದ್ದವಳು ಮಗಳು. ಅವಳು ಊತ ಎನ್ನುತ್ತಿದ್ದಳು, ಸೋಂಕು ಎನ್ನುತ್ತಿದ್ದಳು. ನಮ್ಮ ಜನರಲ್ಲಿ ಇದು ಹೊಸದೇನಲ್ಲ. ಕಾಯಿಲೆಯವರನ್ನು ಬಿಟ್ಟು ಕೇರಿಗೆಲ್ಲ ಕಾಯಿಲೆ ಗೊತ್ತಿರುತ್ತದೆ. ನನ್ನ ತಂದೆಗೂ ನಾವು ಹಾಗೇ ಮಾಡಿದ್ದೆವು. ಹಾಗಾಗಿ ನನಗೆ ಅದು ಆ ದಿನ ವಿಚಿತ್ರವೆನಿಸಲೇ ಇಲ್ಲ.

ನಾನು ನನಗೆ ಗೊತ್ತಿದ್ದ ಕೆಲಸಕ್ಕೆ ಕೈಹಾಕಿದೆ. ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಿಕೊಡಿ ಎಂದು ಕಾಲೇಜಿಗೆ ಕೇಳಬಹುದು, ಅದಕ್ಕೊಂದು ಫಾರಂ ಇದೆ. ಕಾರಣವೇನು, ಡಾಕ್ಟರ ಪತ್ರ ಎಲ್ಲಿ, ಪರಿಸ್ಥಿತಿ ಎಷ್ಟು ಕಾಲ ಇರಬಹುದು. ಹುಡುಗಿ ಟೈಪ್ ಮಾಡುತ್ತಾ ಬಂದು ಆ ಕೊನೆಯ ಪ್ರಶ್ನೆಗೆ ನಿಂತಳು. ಎಷ್ಟು ಕಾಲ ಇರಬಹುದು ಎಂಬುದಕ್ಕೆ ಅವಳು ಏನು ಬರೆಯಬೇಕು? ಕರ್ಸರ್ ಮಿಣುಕುತ್ತಿತ್ತು.

"ಆಂಟಿ, ನೀವೇ ಹಾಕಿ ಪ್ಲೀಸ್," ಎಂದು ಕೀಬೋರ್ಡನ್ನು ನನ್ನ ಕಡೆ ತಳ್ಳಿದಳು.

ತಾಯಿ ಒಂದು ವರ್ಷಕ್ಕಿಂತ ಹೆಚ್ಚು ಬದುಕುವ ನಿರೀಕ್ಷೆಯಿಲ್ಲ ಎಂದು ಇಂಗ್ಲಿಷಿನಲ್ಲಿ ನಾನು ಬರೆದೆ. ಆಕೆಗೇ ಹೇಳದ ಮಾತನ್ನು ಮುಖ ನೋಡದ ಗುಮಾಸ್ತರೊಬ್ಬರಿಗೆ ಬರೆದು ಕಳಿಸಿದೆವು. ನಾಲ್ಕನೆಯ ದಿನ ಉತ್ತರ ಬಂತು. ತುಂಬಾ ಸಹಾನುಭೂತಿಯ ಪತ್ರ, ಆದರೆ ಸೀಟು ಹಿಡಿದಿಡಲು ನಿಯಮದಲ್ಲಿ ಅವಕಾಶವಿಲ್ಲ, ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದು. ಕಾಯುವ ಪಟ್ಟಿಯ ಕಾಲೇಜಿಗೂ ಬರೆದೆ. ಪಟ್ಟಿ ಕದಲಿರಲಿಲ್ಲ.

ಅತ್ತ ದರಿ, ಇತ್ತ ಪುಲಿ. ಹೋದರೆ ಅಮ್ಮನ ಕೊನೆಯ ತಿಂಗಳುಗಳು ತಪ್ಪುತ್ತವೆ. ಉಳಿದರೆ ಎರಡು ವರ್ಷ ಪಟ್ಟ ಪಾಡು ನೀರಿನಲ್ಲಿ ಹೋಮ, ಮತ್ತೆ ಸಿಗುವ ಖಾತರಿಯಿಲ್ಲ. ಮೆಡಿಕಲ್ ಪ್ರವೇಶದ ಎಂಕ್ಯಾಟ್ ಪರೀಕ್ಷೆಯ ಅಂಕಗಳಿಗೂ ಆಯುಷ್ಯವಿದೆ, ಇನ್ನೊಂದೇ ವರ್ಷ ನಡೆಯುತ್ತಿದ್ದವು. ಅಪ್ಪ ಹೋಗು ಎಂದರು, ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಹುಡುಗಿ ಎರಡು ದಿನ ಎಂದಿನಂತೆ ಕೆಲಸಕ್ಕೆ ಹೋಗಿಬಂದಳು. ಮೂರನೆಯ ದಿನ ಕ್ಲಿನಿಕ್ಕಿನಿಂದ ನೇರ ನನ್ನಲ್ಲಿಗೆ ಬಂದು, "ನಾನು ಹೋಗಲ್ಲ ಆಂಟಿ. ಅಮ್ಮ ಇಲ್ಲಿ ಮಲಗಿರುವಾಗ ನಾನು ಅಲ್ಲಿ ಹೆಣ ಕೊಯ್ದು ಕಲೀತಾ ಇದ್ರೆ ನನ್ನ ತಲೆಗೆ ಏನೂ ಹೋಗಲ್ಲ," ಎಂದಳು. ಸೀಟು ಬಿಡುವ ಇಮೇಲನ್ನು ಅವಳೇ ಬರೆದಳು, ಮೂರು ಸಾಲು. ಕಳಿಸಿ ಆದ ಮೇಲೆ ಅತ್ತಳು. ನಾನೂ ಅತ್ತೆ. ಕೈಗೆ ಬಂದ ತುತ್ತು ಎನ್ನುತ್ತಾರಲ್ಲ, ಅದು ಹಾಗೆ ಹೋಯಿತು.

ಈಗ ಅಮ್ಮನಿಗೆ ಏನು ಹೇಳುವುದು? ಆಕೆ ಆಗಲೇ ಮಗಳಿಗೆ ಹಿಮದ ಊರಿಗೆಂದು ದಪ್ಪ ಅಸ್ತರಿನ ಕೋಟು ಹೊಲಿಯಲು ಕೂತಿದ್ದರು. ಪೈಪ್ ಹಾಕಿಸಿಕೊಂಡು ಹಳದಿ ಇಳಿದಿತ್ತು, ತನಗೆ ವಾಸಿಯಾಯಿತೆಂದೇ ನಂಬಿದ್ದರು. ಬರೀ ಪಿತ್ತನಾಳದ ಬ್ಲಾಕಿಗೆ ಯಾವ ಮಗಳು ಮೆಡಿಕಲ್ ಸೀಟು ಬಿಡುತ್ತಾಳೆ? ನಿಜವಾದ ಕಾರಣ ಹೇಳಿದರೆ ಕಾಯಿಲೆಯನ್ನೇ ಹೇಳಿದಂತೆ.

"ನನ್ನ ಮೇಲೆ ಹಾಕಿ," ಎಂದರು ಅಪ್ಪ. ನನ್ನ ಕೋಣೆಯ ಅದೇ ಕುರ್ಚಿಯಲ್ಲಿ ಕೂತಿದ್ದರು. "ನಾನೇ ಬೇಡ ಅಂದೆ ಅಂತ ಹೇಳ್ತೀನಿ. ಎಂಸಿ ಬರೆಯೋಕಾಗದ ಡಾಕ್ಟರ್ರು, ಸಿಂಗಪುರದಲ್ಲಿ ನಡೆಯಲ್ಲ, ನನ್ನ ಮಗಳು ಮೂಳೆ ಕಟ್ಟೋದು ಬೇಡ. ನಂಬ್ತಾಳೆ ಮೇಡಂ, ಹೋದ ವರ್ಷವೆಲ್ಲಾ ಅದನ್ನೇ ಹೇಳ್ತಿದ್ದೆನಲ್ಲ. ನೀವು ಮಾತ್ರ ಅಲ್ಲ ಅನ್ನಬೇಡಿ. ಅಷ್ಟೇ ಕೇಳ್ಕೊಳ್ಳೋದು."

"ಅಪ್ಪಾ, ಅಮ್ಮ ನಿಮ್ಮನ್ನ ಸುಮ್ನೆ ಬಿಡಲ್ಲ," ಎಂದಳು ಹುಡುಗಿ.

"ಬಿಡದೇ ಇರ್ಲಿ. ಬೈಯೋಕೆ ಶಕ್ತಿ ಇದೆ ಅಂತಾಯ್ತಲ್ಲ."

ನಾನು ಆಗಲಿ ಎಂದೆ. ಹೀಗೆ ಬರೆಯುವಾಗ ನಾಚಿಕೆಯಾಗುತ್ತದೆ. ಆ ಕ್ಷಣ ಅದೊಂದು ಸಣ್ಣ ಉಪಕಾರದಂತೆ ಕಂಡಿತ್ತು. ಆಕೆ ನನ್ನನ್ನು ಕೇಳಲು ಬರುತ್ತಾರೆಂದು ಯೋಚಿಸಿರಲೇ ಇಲ್ಲ.

ಹತ್ತು ದಿನಕ್ಕೆ ಬಂದರು, ಒಬ್ಬರೇ, ಬಸ್ಸಿನಲ್ಲಿ. ಕೆನ್ನೆ ಒಳಗೆ ಹೋಗಿತ್ತು. ನಾನು ಕೊಡದಿದ್ದ ಬಟ್ಟೆಯಲ್ಲಿ ನನಗೊಂದು ರವಿಕೆ ಹೊಲಿದು ತಂದಿದ್ದರು. ಅದನ್ನು ಮೇಜಿನ ಮೇಲಿಟ್ಟು, ಕೂತು, ಉಸಿರು ಸುಧಾರಿಸಿಕೊಂಡರು.

"ಮೇಡಂ, ಒಂದು ಮಾತು ಕೇಳ್ತೀನಿ. ಇವರು ಹೇಳ್ತಿರೋದು ನಿಜಾನಾ? ಆ ಓದು ಓದಿದ್ರೆ ಅವಳು ಡಾಕ್ಟರ್ ಆಗಲ್ವಾ?"

ನಾನು ಪಟ್ಟಿಯ ವಿಷಯ ಎತ್ತಿದೆ. ಸಿಂಗಪುರದಲ್ಲಿ ಆ ಪದವಿ ನಡೆಯುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು. ನಿಜವನ್ನು ಇಟ್ಟುಕೊಂಡೂ ಮೋಸ ಮಾಡಬಹುದೆಂದು ಆ ದಿನ ಕಲಿತೆ.

"ಅದನ್ನ ಆಗ್ಲೇ ಹೇಳಿದ್ರಿ. ನಾನು ಕೇಳ್ತಿರೋದು ಅದಲ್ಲ. ಎರಡೂ ಒಂದೇ ಅಂತ ನೀವೇ ಪೇಪರ್ ಕೊಟ್ಟು ಇವರಿಗೆ ತೋರಿಸಿದ್ರಲ್ಲ. ಈಗ ಒಂದೇ ಅಲ್ವಾ?"

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಹೊರಗಿನ ತರಗತಿಯಲ್ಲಿ ಮಕ್ಕಳು ಗಣಿತದ ಉತ್ತರ ಒಪ್ಪಿಸುತ್ತಿದ್ದರು. ಹೇಳಿಬಿಡಬೇಕೆಂದು ಬಾಯಿಯವರೆಗೂ ಬಂತು. ಹೇಳಿದ್ದರೆ ಆಕೆ ಇನ್ನೇನು ಕೇಳುತ್ತಿದ್ದರೋ, ಆ ಕಡೆ ಹೋಗಲು ನನಗೆ ಧೈರ್ಯವಾಗಲಿಲ್ಲ.

"ಪೂರ್ತಿ ಒಂದೇ ಅಲ್ಲ," ಎಂದೆ. "ಯಜಮಾನ್ರು ಹೇಳೋದ್ರಲ್ಲೂ ಅರ್ಥ ಇದೆ. ನಾನೇ ಸ್ವಲ್ಪ ಆತುರ ಮಾಡಿದೆ ಅನ್ಸುತ್ತೆ."

ಆಕೆ ತಲೆಯಾಡಿಸಿದರು. "ನೀವು ಹೇಳಿದ್ರೆ ಸರಿ. ಸುಳ್ಳು ಹೇಳೋರಲ್ಲ ನೀವು. ಆದ್ರೂ ಇವರು ಹೀಗೆ ಮಾಡಬಾರದಿತ್ತು ಮೇಡಂ. ಬೇಡ ಅನ್ನೋರು ಮೊದಲೇ ಅನ್ನಬೇಕಿತ್ತು. ಊರಿಗೆಲ್ಲಾ ಹೇಳ್ಕೊಂಡು ತಿರುಗಿ, ಮಗು ಬಾಯಿಗೆ ತುತ್ತಿಟ್ಟು ಕಿತ್ಕೊಂಡ್ರು. ಇದನ್ನ ನಾನು ಮರೆಯಲ್ಲ." ಏಳುವಾಗ ಮೇಜು ಹಿಡಿದುಕೊಂಡರು. "ಮುಂದಿನ ವರ್ಷ ಬೇರೆ ಥರದ್ದಕ್ಕೇ ಹಾಕ್ಸಿ, ಇವರು ಬಾಯಿ ಮುಚ್ಕೊಂಡು ಒಪ್ಪೋ ಅಂಥದ್ದು. ನಾನೇ ಹೋಗಿ ಅವಳನ್ನ ಬಿಟ್ಟು ಬರ್ತೀನಿ."

ಬಸ್ ಸ್ಟಾಪಿನವರೆಗೆ ಆಕೆಯ ಜೊತೆ ನಡೆದೆ. ದಾರಿಯಲ್ಲಿ ನನ್ನ ರವಿಕೆಯ ಕುತ್ತಿಗೆ ಬಗ್ಗೆ ಮಾತನಾಡಿದೆವು.

ಆಮೇಲಿನ ತಿಂಗಳುಗಳಲ್ಲಿ ಅವರ ಮನೆಗೆ ನಾಲ್ಕೈದು ಸಲ ಹೋದೆ. ಗಂಡನ ಜೊತೆ ಆಕೆ ಮಾತು ಬಿಟ್ಟಿದ್ದರು. ಎದುರಿಗೇ ಕೂತಿದ್ದರೂ ಮಗಳಿಗೆ, "ನಿಮ್ಮಪ್ಪನಿಗೆ ಊಟಕ್ಕೆ ಬರೋಕೆ ಹೇಳು," ಎನ್ನುತ್ತಿದ್ದರು. ಅವರು ಬಂದು ಕೂತು, "ಅಮ್ಮನಿಗೆ ಸಾರು ಚೆನ್ನಾಗಿದೆ ಅಂತ ಹೇಳು," ಎನ್ನುತ್ತಿದ್ದರು. ಸಾರು ಮಾಡಿದವಳು ಮಗಳು. ಅಡಿಗೆಮನೆಯಲ್ಲಿ ನಿಲ್ಲುವ ಶಕ್ತಿ ಅಮ್ಮನಿಗೆ ಹೋಗಿತ್ತು. ಹಾಸಿಗೆ ಹಿಡಿದ ಮೇಲೂ ಕಾಲು ಒತ್ತಲು ಗಂಡ ಬಂದರೆ ಕಾಲು ಎಳೆದುಕೊಳ್ಳುತ್ತಿದ್ದರು. ನಿದ್ದೆ ಬಂದ ಮೇಲೆ ಅವರು ಬಂದು ಒತ್ತುತ್ತಿದ್ದರೆಂದು ಹುಡುಗಿ ಹೇಳಿದಳು.

ಇದು ಸಾಕು, ಹೇಳಿಬಿಡಿ ಎಂದು ಆಗಸ್ಟಿನಲ್ಲಿ ಒಮ್ಮೆ ನಾನು ಅವರನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ ಕೇಳಿದೆ. ನಿಮ್ಮ ಮೇಲ್ಯಾಕೆ ಇಲ್ಲದ ತಪ್ಪು ಹೊತ್ತುಕೊಂಡಿದ್ದೀರಿ ಎಂದೆ. ಅವರು ಲಿಫ್ಟಿನ ಗುಂಡಿ ಒತ್ತಿ, "ಅವಳಿಗೆ ಮುಂದಿನ ವರ್ಷ ಅನ್ನೋದೊಂದು ಇದೆ ಮೇಡಂ. ಅದನ್ನ ನಾನು ಹೇಗೆ ಕಿತ್ಕೊಳ್ಳಲಿ?" ಎಂದರು.

ಕೊನೆಯ ಸಲ ನಾನು ನೋಡಿದಾಗ ಆಕೆಗೆ ಮಾತು ಎಳೆದೆಳೆದು ಬರುತ್ತಿತ್ತು. ನನ್ನ ಕೈ ಹಿಡಿದು, "ಅರ್ಜಿ ಹಾಕಿದ್ರಾ?" ಎಂದು ಕೇಳಿದರು. ಹಾಕಿದೆವು ಎಂದೆ. ಹಾಕಿರಲಿಲ್ಲ. ಅದು ಎರಡನೆಯ ಸುಳ್ಳು. ಆಸ್ಪತ್ರೆಯ ಡಾಕ್ಟರನ್ನು ಆಕೆ ಏನನ್ನೂ ನೇರವಾಗಿ ಕೇಳಲೇ ಇಲ್ಲ. ಯಾಕೆ ಕೇಳಲಿಲ್ಲವೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಉತ್ತರ ಸಿಕ್ಕಿಲ್ಲ. ಸೆಪ್ಟೆಂಬರಿನ ಒಂದು ಬೆಳಗ್ಗೆ, ಮಗಳು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಾಗ, ಹೋದರು. ಗಂಡ ಬಾಗಿಲಲ್ಲಿ ನಿಂತಿದ್ದರು.

ವೈಕುಂಠ ಸಮಾರಾಧನೆ ಮುಗಿದ ಮರುವಾರ ಹುಡುಗಿ ಫೈಲು ಹಿಡಿದು ಬಂದಳು. ತಡವಾಗಿತ್ತು, ಆದರೂ ಬಾಗಿಲು ಮುಚ್ಚಿರಲಿಲ್ಲ. ನಾನು ಎರಡೂ ಥರದ ಕಾಲೇಜುಗಳ ಪಟ್ಟಿ ಮಾಡಿಟ್ಟಿದ್ದೆ. ಅಮ್ಮ ಬೇರೆ ಥರದ್ದಕ್ಕೆ ಹಾಕಲು ಹೇಳಿದ್ದರು ಎಂಬುದನ್ನೂ ಅವಳಿಗೆ ಹೇಳಿದೆ. ಅವಳು ಸಾಮಾನ್ಯ ಕಾಲೇಜುಗಳ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟಳು.

"ಅಮ್ಮ ಹಾಗಂದಿದ್ದು ನಾವು ಹೇಳಿದ ಸುಳ್ಳನ್ನ ನಂಬ್ಕೊಂಡು. ನಿಜವಾಗ್ಲೂ ಅಮ್ಮ ಹೇಳಿದ್ದು ಜ್ವರ ಎಲ್ಲಾ ಕಡೆ ಒಂದೇ ಅಂತ. ಇದಕ್ಕೇ ಹಾಕೋಣ ಆಂಟಿ."

ಹಿಂದೆ ಸೀಟು ಸಿಕ್ಕಿಯೂ ಬಿಟ್ಟಿದ್ದರೆ ಕಾರಣ ತಿಳಿಸಿ ಎಂದು ಒಂದು ಕಾಲೇಜು ಕೇಳಿತ್ತು. ಈ ಸಲ ಅವಳು ಕೀಬೋರ್ಡನ್ನು ನನ್ನ ಕಡೆ ತಳ್ಳಲಿಲ್ಲ. ಮಾರ್ಚಿನಲ್ಲಿ ಬೇರೊಂದು ಆಸ್ಟಿಯೋಪಥಿಕ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸಿಂಗಪುರಕ್ಕೆ ಡಾಕ್ಟರಾಗಿ ವಾಪಸು ಬರುವ ದಾರಿ ಇದರಿಂದ ಮುಚ್ಚಿತೆಂದು ಅವಳಿಗೆ ಗೊತ್ತು. ಜುಲೈಯಲ್ಲಿ ಹೊರಡುತ್ತಾಳೆ.

ಸೀಟು ಒಪ್ಪಿಕೊಂಡ ದಿನ ಅವಳ ಜೊತೆ ಅಪ್ಪನೂ ಬಂದಿದ್ದರು. ಅವಳು ಒಳಗೆ ಕಾಗದಗಳನ್ನು ಅಪ್‌ಲೋಡ್ ಮಾಡುತ್ತಿದ್ದಳು, ಅವರು ಹೊರಗಿನ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಎಷ್ಟೋ ತಿಂಗಳಿಂದ ಹೇಳಬೇಕೆಂದಿದ್ದದ್ದನ್ನು ಹೇಳಿದೆ. ನಿಮ್ಮ ಮನೆಯವರು ನನ್ನನ್ನು ಕೇಳಲು ಬಂದ ದಿನ ನಾನು ನಿಜ ಹೇಳಬೇಕಿತ್ತು, ನಿಮ್ಮಿಬ್ಬರ ಮಧ್ಯೆ ಹೀಗಾಗಲು ಬಿಡಬಾರದಿತ್ತು, ಕ್ಷಮಿಸಿ ಎಂದೆ.

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು.

"ಕೋಪ ಮಾಡ್ಕೊಂಡೇ ಹೋದ್ಲು ಮೇಡಂ. ಕೊನೇ ದಿನಾನೂ ನನ್ನ ಮುಖ ನೋಡ್ಲಿಲ್ಲ," ಎಂದರು. "ಆದ್ರೆ ಹೆದರ್ಕೊಂಡು ಹೋಗ್ಲಿಲ್ಲ. ನನಗೆ ಅಷ್ಟು ಸಾಕು."

ಅವರು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಹೆಂಡತಿ ಹೆದರಬಾರದೆಂದು ಅವರು ಆಕೆಯ ಪ್ರೀತಿಯನ್ನೇ ಬಿಟ್ಟುಕೊಟ್ಟರು. ಮಗಳು ಸೀಟು ಬಿಟ್ಟುಕೊಟ್ಟಳು. ಆ ಸುಳ್ಳಿನಲ್ಲಿದ್ದ ಮೂವರಲ್ಲಿ ಏನನ್ನೂ ಕಳೆದುಕೊಳ್ಳದವಳು ನಾನೊಬ್ಬಳೇ. ಆಕೆ ನನ್ನನ್ನು ಕೊನೆಯವರೆಗೂ ನಂಬಿದ್ದರು.